ಸವಳು ನೆಲಕ್ಕೆ ಇದ್ದಿಲು ಮದ್ದಾದೀತೇ?

ಭತ್ತದ ಹೊಟ್ಟು, ಹತ್ತಿ ಕಟ್ಟಿಗೆ, ತೊಗರಿ ಕಡ್ಡಿಗಳನ್ನು ಗಾಳಿಯಾಡದಂತೆ ಸುಟ್ಟು ತಯಾರಿಸುವ ಇದ್ದಿಲಿಗೆ ಈಗ ‘ಬಯೋಚಾರ್’ ಎಂಬ ಹೊಸ ಹೆಸರು ಬಂದಿದೆ. ಇಂಗಾಲದ ಕ್ರೆಡಿಟ್ ಮಾರುಕಟ್ಟೆಯಲ್ಲಿ ಬೆಲೆಯೂ ಬಂದಿದೆ. ಇದು ಕೆಟ್ಟ ನೆಲವನ್ನು ಸರಿಪಡಿಸುತ್ತದೆ ಎಂಬ ಮಾತು ತುಂಗಭದ್ರಾ ಅಚ್ಚುಕಟ್ಟಿನ ರೈತನ ಕಿವಿಗೆ ಹಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಅಲ್ಲಿನ ನೆಲ ಕೆಟ್ಟದ್ದಾದರೂ ಹೇಗೆ? 1953ರಲ್ಲಿ ಪೂರ್ಣಗೊಂಡ ಜಲಾಶಯದ ಎಡದಂಡೆಯ ಬಹುಭಾಗ ಅರೆ ನೀರಾವರಿ ಬೆಳೆಗಳಿಗೆಂದು ನಿಗದಿಯಾಗಿತ್ತು. ಗಂಗಾವತಿ, ಸಿಂಧನೂರುಗಳ ಸುತ್ತ ಆವರಿಸಿದ್ದು ಭತ್ತ. ನೀರು ಸುಲಭವಾಗಿ ಬಸಿಯದ ಎರೆ ಭೂಮಿಯಲ್ಲಿ ಅಂತರ್ಜಲ ಮೇಲೇರಿತು. ಆವಿಯಾದ ನೀರು ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟುಹೋಯಿತು. ಕಾಲುವೆಯ ಕೊನೆಯಂಚಿನವರಿಗೆ ನೀರು ತಲುಪದಿದ್ದಾಗ ಅವರು ಪಂಪು ಹೂಡುವುದು ಹಳ್ಳಕ್ಕೆ. ಅಲ್ಲಿ ಹರಿಯುವುದು ಮೇಲಿನ ಗದ್ದೆಗಳಿಂದ ಬಸಿದು ಬಂದ ಉಪ್ಪುನೀರು. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ನೀರನ್ನು ಒಂದು ಹೆಕ್ಟೇರಿಗೆ ಹತ್ತು ಸೆಂಟಿಮೀಟರ್ ಆಳಕ್ಕೆ ನಿಲ್ಲಿಸಿದರೆ ಒಮ್ಮೆಗೇ ಒಂದು ಟನ್ ಉಪ್ಪು ಹೊಲ ಸೇರುತ್ತದೆ.

ಉಪ್ಪಿಗಿಂತಲೂ ದೊಡ್ಡ ಕೇಡು ಸೋಡಿಯಂನದು. ಜೇಡಿಕಣಗಳಿಗೆ ಅಂಟಿಕೊಂಡ ಕ್ಯಾಲ್ಸಿಯಂ ಅನ್ನು ಹೊರದಬ್ಬಿ ಅದು ತಾನು ಕೂರುತ್ತದೆ. ಆಗ ಕಣಗಳು ಚದುರಿ ರಂಧ್ರಗಳು ಮುಚ್ಚುತ್ತವೆ. ನೆಲ ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಇದಕ್ಕೆ ಜಿಪ್ಸಮ್ ಹಾಕುವುದು ಹಳೆಯ ಕ್ರಮ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ನೀರಿನೊಡನೆ ಹೊರಹೋಗಬೇಕು. ಹೊರಹೋಗಲು ದಾರಿಯಿದ್ದರೆ ಮಾತ್ರ!

ಇದ್ದಿಲು ಏನು ಮಾಡಬಲ್ಲದು? ಅದರ ರಂಧ್ರಗಳು ಮಣ್ಣನ್ನು ಸಡಿಲಗೊಳಿಸಿ ನೀರು ಇಂಗಲು ನೆರವಾಗುತ್ತವೆ. ಅದು ಕೊಂಚ ಸೋಡಿಯಂ ಅನ್ನು ಹಿಡಿದಿಟ್ಟುಕೊಂಡು ಪೊಟ್ಯಾಶ್ ಒದಗಿಸುತ್ತದೆ. ಆದರೆ ಬಹುತೇಕ ಇದ್ದಿಲು ಸ್ವತಃ ಕ್ಷಾರೀಯ. ಅದರ ಬೂದಿಯಲ್ಲೂ ಲವಣಗಳಿವೆ. ಅಮೆಜಾನಿನ ‘ಟೆರ್ರಾ ಪ್ರೆಟಾ’ ಕಪ್ಪುಮಣ್ಣನ್ನು ಈ ಉತ್ಸಾಹಿಗಳು ಪದೇ ಪದೇ ಉದಾಹರಿಸುತ್ತಾರೆ. ಅಲ್ಲಿನ ಮೂಲ ಮಣ್ಣು ಆಮ್ಲೀಯವೆಂಬುದನ್ನು ಹೇಳುವವರು ಕಡಿಮೆ. ಮಲೆನಾಡಿನ ಹುಳಿಮಣ್ಣಿಗೆ ಸಲ್ಲುವ ಪದಾರ್ಥ, ರಸಸಾರ 8.5 ದಾಟಿದ ಕರ್ಲು ನೆಲಕ್ಕೆ ಅದೇ ರೂಪದಲ್ಲಿ ಸಲ್ಲಲಾರದು. ಜಿಪ್ಸಮ್ ಜೊತೆ ಬೆರೆಸಿದಾಗ ಅದಕ್ಕೆ ಅರ್ಥವಿದೆ. ಅದನ್ನೇ ಜಿಪ್ಸಮ್ಮಿಗೆ ಬದಲಿ ಎಂದು ಮಾರುವುದು ಬೇರೆ ಮಾತು. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಉರಿದುಳಿದ ಬೂದಿಯನ್ನು ಬಯೋಚಾರ್ ಎನ್ನುವುದಂತೂ ಸಲ್ಲದು.

ಇದ್ದಿಲು ಉಪ್ಪನ್ನು ನುಂಗಿಬಿಡುವುದಿಲ್ಲ. ಅದನ್ನು ಹೊರಗೊಯ್ಯಬೇಕಾದದ್ದು ಬಸಿಗಾಲುವೆ. ನೆಲದೊಳಗೆ ರಂಧ್ರವಿರುವ ಕೊಳವೆ ಹೂಳುವ ಕ್ರಮ ನಮ್ಮಲ್ಲಿ ಪರಿಚಿತವೇ, ಆದರೆ ಅದರ ವೆಚ್ಚ ಒಬ್ಬ ರೈತನ ಕೈಮೀರಿದ್ದು. ಹಳ್ಳದ ಹೂಳನ್ನು ನೆರೆಹೊರೆಯವರೆಲ್ಲ ಸೇರಿಯೇ ತೆಗೆಸಬೇಕು. ಇದ್ದಿಲಿಗೆ ಸಹಾಯಧನ ಘೋಷಿಸುವುದಾದರೆ ಮೊದಲು ಪ್ರತಿ ಹೊಲದ ಸೋಡಿಯಂ ಪ್ರಮಾಣವನ್ನೂ ಪ್ರತಿ ತಯಾರಿಕೆಯ ಕ್ಷಾರತೆಯನ್ನೂ ಅಳೆಯಲಿ. ಕ್ರೆಡಿಟ್ ಹಣದಲ್ಲಿ ಒಂದು ಪಾಲು ಬಸಿಗಾಲುವೆಗೆ ಮೀಸಲಾಗಲಿ.