ಯಂತ್ರದ ಉಳಿದ ಆಯುಸ್ಸು ಎಷ್ಟು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರನ್ನು ನಾಡು ಕೊಂಡಾಡಿತು. ಆ ಸರಪಳಿಗೆ ಇನ್ನೆಷ್ಟು ಆಯುಸ್ಸಿತ್ತು ಎಂಬ ಪ್ರಶ್ನೆ ಮಾತ್ರ ಬೇಗನೆ ಹಿಂದೆ ಸರಿಯಿತು.

ಲೆಕ್ಕವೇನೋ ಸರಳ. 10 ಮಿ.ಮೀ. ದಪ್ಪದ ಉಕ್ಕಿನ ತಗಡು 20 ವರ್ಷಗಳಲ್ಲಿ 8ಕ್ಕೆ ಇಳಿದಿದ್ದು, ಸುರಕ್ಷತೆಗೆ ಕನಿಷ್ಠ 7 ಬೇಕೆಂದಾದರೆ, ಅದೇ ವೇಗದಲ್ಲಿ ಇನ್ನು 10 ವರ್ಷ ಉಳಿದಿದೆ. ಆದರೆ ಸರಪಳಿ ಹೀಗೆ ಸಮನಾಗಿ ಸವೆಯುವುದಿಲ್ಲ. ಎಳೆತ ಬಿದ್ದಾಗಲೆಲ್ಲ ಬೆಸುಗೆಯ ಬಳಿ ಕೂದಲೆಳೆಯಂಥ ಬಿರುಕು ಬೆಳೆಯುತ್ತದೆ. ಮೇಲೆ ಬಣ್ಣ ಬಳಿದರಂತೂ ಕಣ್ಣಿಗೂ ಬೀಳದು. ಪರೀಕ್ಷೆಯೊಂದೇ ದಾರಿ.

ಬಾಯ್ಲರ್‌ಗಳ ಮಟ್ಟಿಗೆ ಕಾನೂನು ಇದನ್ನು ಒಪ್ಪಿದೆ. 25 ವರ್ಷ ದಾಟಿದವುಗಳ ಉಳಿದ ಆಯುಸ್ಸನ್ನು ಅಳೆಯಲೇಬೇಕು. ಉಳಿದ ಯಂತ್ರಗಳ ಕಥೆಯೇನು? ರಾಜಾಜಿನಗರ ಕೈಗಾರಿಕಾ ಪಟ್ಟಣದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ತಯಾರಿಕೆಯ ವರ್ಷದ ಫಲಕವೇ ಕಳಚಿಹೋದ ಪ್ರೆಸ್‌ಗಳನ್ನು, ಯಾರೋ ಬಳಸಿ ಮಾರಿದ ಕಂಪ್ರೆಸರ್‌ಗಳನ್ನು ನಾನು ಕಂಡಿದ್ದೇನೆ. ಕೇಳಿದರೆ, ‘ಓಡ್ತಾ ಇದೆಯಲ್ಲ ಸ್ವಾಮಿ’ ಎಂಬ ಉತ್ತರ. ಮಾಲೀಕರನ್ನಷ್ಟೇ ದೂರುವುದು ನ್ಯಾಯವಲ್ಲ. ಒಂದು ದಿನ ಯಂತ್ರ ನಿಂತರೆ ಆರ್ಡರ್ ಕೈತಪ್ಪೀತೆಂಬ ಭಯ ಅವರದು. ಬೇರಿಂಗಿನ ಸದ್ದು ಕೇಳಿಯೇ ದೋಷ ಹೇಳುವ ಹಿರಿಯ ಫಿಟ್ಟರ್‌ಗಳ ಕಿವಿಯೂ ಗಾಳಿಟ್ಯಾಂಕಿನ ಒಳಗಿನ ತುಕ್ಕನ್ನು ಕೇಳಿಸಿಕೊಳ್ಳಲಾರದು.

ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಉಪಕರಣ ಅಂಗೈಯಷ್ಟಿರುತ್ತದೆ. ಪ್ರತಿ ವರ್ಕ್‌ಶಾಪ್ ಅದನ್ನು ಕೊಳ್ಳಬೇಕಿಲ್ಲ. ವಿಜಯನಗರದಲ್ಲೇ ಕಚೇರಿಯುಳ್ಳ ಕಾಸಿಯಾ ಸಂಸ್ಥೆ ತರಬೇತಾದ ಇಬ್ಬರನ್ನು ನೇಮಿಸಿ, ಸರದಿಯಂತೆ ವರ್ಕ್‌ಶಾಪ್‌ಗಳಿಗೆ ಕಳುಹಿಸಬಹುದು. ಮೊದಲ ಸುತ್ತು ಗಾಳಿಟ್ಯಾಂಕುಗಳಿಂದಲೇ ಶುರುವಾಗಲಿ.