ಅರವತ್ತು ದಾಟಿದ ಆನೆಗೆ ಪೂರ್ತಿ ಬಿಡುವು ಕೊಡಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ಅರವತ್ತಕ್ಕೆ ಮನೆಗೆ ಹೋದವರನ್ನು ಮತ್ತೆ ಕರೆಸಿ ಕುಲುಮೆಯ ಮುಂದೆ ನಿಲ್ಲಿಸುವುದಿಲ್ಲ. ಸರ್ಕಾರದ ಸಾಕಾನೆಗಳಿಗೂ ಅರವತ್ತೇ ಗಡಿ. ಆದರೆ ಅವುಗಳಿಗೆ ಅದು ನಿವೃತ್ತಿಯಲ್ಲ, ಬರೀ ಕೆಲಸದ ಬದಲಾವಣೆ.

ಅರ್ಜುನನನ್ನು ನೆನೆಯಿರಿ. 2012ರಿಂದ 2019ರವರೆಗೆ ಎಂಟು ಸಲ ಮೈಸೂರಿನ 750 ಕಿಲೋ ಅಂಬಾರಿ ಹೊತ್ತ ಆನೆ. ಅರವತ್ತಾಯಿತೆಂದು 2020ರಲ್ಲಿ ಅಂಬಾರಿ ಅಭಿಮನ್ಯುವಿನ ಬೆನ್ನೇರಿತು. ಅರ್ಜುನನನ್ನು ಮಾತ್ರ ಕಾಡಾನೆ ಹಿಡಿಯುವ ಕೆಲಸದಿಂದ ಬಿಡಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಅದು ಸತ್ತಿತು. ಅಂಬಾರಿಗೆ ಮುಪ್ಪಾದ ಮೈ ಕಾಳಗಕ್ಕೆ ಮುಪ್ಪಾಗಿರಲಿಲ್ಲವೇ?

ಇದು ಮೈಸೂರಿನವರ ಚಿಂತೆ ಎಂದು ಶಿವಮೊಗ್ಗದವರು ಸುಮ್ಮನಿರುವಂತಿಲ್ಲ. ಗಾಜನೂರಿನ ಹಿನ್ನೀರಿನ ದಂಡೆಯ ಸಕ್ರೆಬೈಲು ಬಿಡಾರ ನಮ್ಮದೇ. ಒಂದು ಕಾಲಕ್ಕೆ ಮಲೆನಾಡಿನ ಕಾಡಿನಿಂದ ದಿಮ್ಮಿ ಎಳೆದದ್ದು ಸಾಕಾನೆಗಳು. ಮರ ಕಡಿಯುವುದು ನಿಂತ ಮೇಲೂ ಅವುಗಳ ದುಡಿಮೆ ನಿಲ್ಲಲಿಲ್ಲ. ಪ್ರವಾಸಿಗರು ಬಂದರು, ಪುಂಡಾನೆ ಹಿಡಿಯುವ ಕೆಲಸ ಬಂತು, ದಸರಾ ಮೆರವಣಿಗೆ ಬಂತು. 2023ರಲ್ಲಿ ಮೆರವಣಿಗೆಗೆಂದು ನಗರಕ್ಕೆ ತಂದ ನೇತ್ರಾವತಿ ಜಂಬೂ ಸವಾರಿಯ ಹಿಂದಿನ ರಾತ್ರಿ ಊರೊಳಗೇ ಮರಿ ಹಾಕಿತು. ಹೆಚ್ಚುಕಡಿಮೆ ಇಪ್ಪತ್ತೆರಡು ತಿಂಗಳು ಹೊಟ್ಟೆಯಲ್ಲಿ ಮರಿ ಹೊರುವ ಪ್ರಾಣಿಯದು! ಅದರ ಹಿಂದಿನ ವರ್ಷವಷ್ಟೇ ಮೈಸೂರಿನ ಅರಮನೆ ಆವರಣದಲ್ಲಿ ದಸರೆಗೆ ಬಂದಿದ್ದ ಲಕ್ಷ್ಮಿ ಮರಿ ಹಾಕಿತ್ತು. ಆಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಮುದಿ ಆನೆಯಾಗಲಿ, ಗಬ್ಬದ ಆನೆಯಾಗಲಿ, ನಮಗೆ ಕಾಣುವುದು ನಮ್ಮ ಅಗತ್ಯವೇ ಹೊರತು ಅದರ ಮೈಯಲ್ಲ.

ಬೆಳೆಗಾರರ ಮಾತಿನಲ್ಲೂ ಸತ್ಯವಿದೆ. ಕಾಡಾನೆ ತೋಟಕ್ಕೆ ನುಗ್ಗಿ ಜೀವ ತೆಗೆಯುವಾಗ ಪಳಗಿದ ಆನೆ ಬೇಕೇ ಬೇಕು. ಆದರೆ ಅದಕ್ಕೆ ಉತ್ತರ ಪ್ರಾಯದ ಆನೆಗಳನ್ನು ಹೊತ್ತಿಗೆ ಸರಿಯಾಗಿ ತಯಾರು ಮಾಡುವುದು. ಹಳೆಯ ಆನೆಯನ್ನೇ ಮತ್ತೆಮತ್ತೆ ಮುಂದೆ ಬಿಟ್ಟರೆ ಅದು ಇಲಾಖೆಯ ಸೋಮಾರಿತನ. ಅನುಭವ ವ್ಯರ್ಥವಾಗುತ್ತದೆ ಎನ್ನುವವರು ಬಿಡಾರಕ್ಕೆ ಬಂದು ನೋಡಲಿ: ಮರಿಗಳನ್ನು ತಿದ್ದಲು, ಹೊಸದಾಗಿ ಹಿಡಿದ ಆನೆಯನ್ನು ಸಮಾಧಾನಪಡಿಸಲು ಹಿರಿಯ ಆನೆಗಿಂತ ಒಳ್ಳೆಯ ಗುರುವಿಲ್ಲ.

ರೇಸ್ ಕುದುರೆಯ ಪಾಡೂ ಇದೇ. ಎರಡು ವರ್ಷಕ್ಕೇ ಓಡಲು ಶುರುಮಾಡುವ ಕುದುರೆ ಕೆಲವೇ ವರ್ಷಕ್ಕೆ ಓಟ ಮುಗಿಸುತ್ತದೆ. ಆಯುಸ್ಸು ಮಾತ್ರ ಇಪ್ಪತ್ತೈದು ದಾಟಬಲ್ಲದು. ಅಂಥ ಕುದುರೆಗಳಿಗೆ ಬೇರೆ ಕೆಲಸ ಕಲಿಸಿ ಹೊಸ ಮನೆ ಹುಡುಕಲು ಬ್ರಿಟನ್ನಿನ ರೇಸಿಂಗ್ ವಲಯ 2000ದಲ್ಲೇ ಒಂದು ಸಂಸ್ಥೆ ಕಟ್ಟಿತು. ಅಲ್ಲಿ ಹೊಣೆ ಹೊತ್ತವರು ಬಾಜಿಯ ಲಾಭ ಉಂಡವರೇ. ನಮ್ಮ ಆನೆಗಳ ದುಡಿಮೆ ಉಂಡದ್ದು ಸರ್ಕಾರ. ಹೊಣೆಯೂ ಅದರದೇ.

ಆದ್ದರಿಂದ ಮುಂದಿನ ದಸರೆಗೆ ಮುಂಚೆ ಲಿಖಿತ ಆದೇಶ ಬರಲಿ. ಅರವತ್ತು ದಾಟಿದ ಆನೆಗೆ ಅಂಬಾರಿ, ಸೆರೆ ಕಾರ್ಯಾಚರಣೆ, ಸವಾರಿ ಯಾವುದೂ ಬೇಡ. ಹೆಣ್ಣಾನೆಗಳನ್ನು ಗರ್ಭ ಪರೀಕ್ಷೆ ಮಾಡಿಸದೆ ನಗರಕ್ಕೆ ತರಕೂಡದು. ನಿವೃತ್ತ ಆನೆಯ ಜೊತೆ ಅದರ ಮಾವುತ, ಕಾವಾಡಿ ಕೊನೆಯವರೆಗೂ ಇರಬೇಕು. ಅವರ ಸಂಬಳವೂ ಖಾಯಂ ಆಗಬೇಕು. ಗೆದ್ದು ಬಂದ ಆನೆಗೆ ಹಾರ ಹಾಕಿದ ಊರು, ದಣಿದ ಆನೆಗೆ ತುಂಗೆಯ ನೀರು, ಕಾಡಿನ ಮೇವು, ಪರಿಚಿತ ದನಿಯೊಂದನ್ನು ಉಳಿಸಿಕೊಡಲಾರದೇ?