ಗೋವಿನಜೋಳಕ್ಕೊಂದು ದರ, ಗೌಂಡಿಗೆ ಯಾವ ದರ?

ಪರದೇಶಕ್ಕೆ ದುಡಿಯಲು ಹೋಗುವ ಕಸುಬುದಾರನಿಗೆ ಇಷ್ಟಾದರೂ ಪಗಾರ ಇರಲೇಬೇಕು, ಇಲ್ಲದಿದ್ದರೆ ವೀಸಾ ಇಲ್ಲ ಎಂಬ ನಿಯಮವನ್ನು ಕರೆಸಿಕೊಳ್ಳುವ ದೇಶವೂ ಮಾಡಬಹುದು, ಕಳಿಸುವ ದೇಶವೂ ಮಾಡಬಹುದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ವರ್ಷಕ್ಕೆ 26,200 ಪೌಂಡ್ ಇದ್ದ ಸಾಮಾನ್ಯ ಮಿತಿ 2024ರ ಏಪ್ರಿಲ್‌ನಲ್ಲಿ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ಭಾರತಕ್ಕೆ ನೌಕರಿಗೆ ಬರುವ ವಿದೇಶಿಗೂ ವರ್ಷಕ್ಕೆ 16.25 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ಸಂಬಳವಿರಬೇಕು. ತನ್ನ ದೇಶದ ಅಡುಗೆ ಮಾಡುವ ಬಾಣಸಿಗ, ಭಾಷೆ ಕಲಿಸುವ ಶಿಕ್ಷಕ ಮುಂತಾದ ಕೆಲವರಿಗಷ್ಟೇ ವಿನಾಯಿತಿ. ತಿಂಗಳ ಲೆಕ್ಕಕ್ಕೆ ಆ ಸಂಬಳ ಒಂದು ಲಕ್ಷ ಮೂವತ್ತೈದು ಸಾವಿರ ದಾಟುತ್ತದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೌಂಡಿ, ವೆಲ್ಡರ್, ಡ್ರೈವರ್‌ಗಳಿಗೆ ತಾಗುವುದು ಕಳಿಸುವ ದೇಶದ ನಿಯಮ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ಇಯತ್ತೆ ಪಾಸಾಗದವರು ಕೊಲ್ಲಿಯ ಆರು ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಅನುಮತಿಗೆ ಇಂತಿಷ್ಟು ಕನಿಷ್ಠ ವೇತನ ಎಂದು ಕೇಂದ್ರ ಸರ್ಕಾರವೇ ಗೊತ್ತುಮಾಡುತ್ತದೆ. ರೈತನಿಗೆ ಬೆಂಬಲ ಬೆಲೆ ಹೇಗೋ, ಕೂಲಿಗೆ ಇದು ಹಾಗೆ.

ಈ ಬೆಂಬಲ ಬೆಲೆಯನ್ನು ಇಳಿಸಿದ್ದು ಕೊಲ್ಲಿಯ ಶೇಖ್ ಅಲ್ಲ, ದೆಹಲಿ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಸುತ್ತೋಲೆಗಳು ಬಹರೈನ್, ಒಮಾನ್, ಕತಾರ್, ಯುಎಇಗೆ ತಿಂಗಳಿಗೆ 200 ಡಾಲರ್ ಸಾಕು ಎಂದವು. ಕುವೈತ್‌ಗೆ 245, ಸೌದಿಗೆ 324. ಕೊರೊನಾ ಕಾಲದಲ್ಲಿ ಕೆಲಸ ಉಳಿಯಲಿ ಎಂಬುದು ಕೊಟ್ಟ ಕಾರಣ. 200 ಡಾಲರ್ ಎಂದರೆ ಆಗಿನ ದರದಲ್ಲಿ ಹದಿನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸು; ಮನೆಯ ರೊಟ್ಟಿ ಉಂಡು ಮುಂಡರಗಿಯಲ್ಲೇ ಗಳಿಸಬಹುದಾದ ಹಣ. ಕತಾರಿನ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಸುತ್ತೋಲೆಗಳಿಗೆ ಕೆಲವೇ ದಿನ ಮೊದಲು ಆ ದೇಶ ತನ್ನಲ್ಲಿ ದುಡಿಯುವ ಎಲ್ಲರಿಗೂ 1,000 ರಿಯಾಲ್ ಕನಿಷ್ಠ ವೇತನ ಘೋಷಿಸಿತ್ತು, ಊಟ-ವಸತಿ ಕೊಡದಿದ್ದರೆ ಅದರ ಮೇಲೆ 800. ಭಾರತ ಬರೆದ 200 ಡಾಲರ್ ಬರೀ 728 ರಿಯಾಲ್. ಕೊಳ್ಳುವವನೇ ಸಾವಿರ ಕೊಡುತ್ತೇನೆ ಎನ್ನುವಾಗ ಮಾರುವವ ಏಳುನೂರಕ್ಕೆ ಚೀಟಿ ಬರೆದುಕೊಟ್ಟ ಹಾಗಾಯಿತು. ತೆಲಂಗಾಣದವರು ತಮ್ಮ ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಸುತ್ತೋಲೆಗಳು ವಾಪಸಾದವು. ಅವರ ಓಡಾಟದ ಫಲ ಶಿರಹಟ್ಟಿಯ ಡ್ರೈವರನಿಗೂ ಸಲ್ಲುತ್ತದೆ, ಅವನಿಗೆ ಅದರ ಸುದ್ದಿ ಮಾತ್ರ ಮುಟ್ಟಿರಲಿಕ್ಕಿಲ್ಲ.

ಕ್ಷಮಿಸಲಾಗದ್ದು ಇದೇ: ಅಂಕಿಯನ್ನು ಮುಚ್ಚಿಡುವುದು. ಸರ್ಕಾರ ಸುತ್ತೋಲೆಯಲ್ಲಿ ಮುಚ್ಚಿಡುತ್ತದೆ, ಏಜೆಂಟ ಬಾಯಲ್ಲಿ ಮುಚ್ಚಿಡುತ್ತಾನೆ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ‘ಊಟ, ರೂಮು ಫ್ರೀ, ಉತ್ತಮ ಪಗಾರ’ ಎಂದಿರುತ್ತದೆ. ಎಷ್ಟು ಎಂದು ಕೇಳಿದರೆ ‘ಹೋದಮ್ಯಾಗ ಗೊತ್ತಾಕ್ಕೈತಿ’ ಎಂಬ ಉತ್ತರ. ದನದ ಸಂತೆಯಲ್ಲಿ ದಲಾಲಿಗಳು ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾರೆ. ಅಲ್ಲಿ ಎತ್ತಿನ ಒಡೆಯನಿಗಾದರೂ ದರ ತಿಳಿಯುತ್ತದೆ. ಇಲ್ಲಿ ಯಾರಿಗೂ ತಿಳಿಯದು, ಮೇಲಾಗಿ ಎತ್ತೇ ಸಾಲ ಮಾಡಿ ದಲಾಲಿ ಕೊಟ್ಟು ಹೋಗುತ್ತದೆ. ಪರವಾನಗಿ ಇರುವ ಏಜೆಂಟ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ.

ಮುಚ್ಚಿಡಲು ಹೇಳಿ ಮಾಡಿಸಿದ ದಾರಿ ವಿಜಿಟ್ ವೀಸಾ. ನೋಡಿ ಬರಲು ಹೋಗುವವನಿಗೆ ಪಗಾರವೇ ಇಲ್ಲ, ಆದ್ದರಿಂದ ಕನಿಷ್ಠ ಪಗಾರದ ಮಾತೂ ಇಲ್ಲ. ಒಪ್ಪಂದ ಪತ್ರವಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಸಿಗುವ ಹತ್ತು ಲಕ್ಷದ ಪ್ರವಾಸಿ ಭಾರತೀಯ ವಿಮೆಯೂ ಇಲ್ಲ. ಯುಎಇಯಲ್ಲಿ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಾಮ್ ದಂಡ ಮಾತ್ರ ಖಚಿತ.

2025ರ ನವೆಂಬರ್‌ನಲ್ಲಿ ಗೋವಿನಜೋಳಕ್ಕೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಿರಿ ಎಂದು ಲಕ್ಷ್ಮೇಶ್ವರ ಬೀದಿಗಿಳಿಯಿತು. ಕ್ವಿಂಟಲ್‌ಗೆ 2,400 ಎಂಬುದು ಹೊಲ ಇಲ್ಲದವನ ಬಾಯಲ್ಲೂ ಇತ್ತು. ಅದೇ ಊರುಗಳಲ್ಲಿ ಮಗನ ಒಂದು ತಿಂಗಳ ದುಡಿಮೆಗೆ ಸರ್ಕಾರ ಕಟ್ಟಿದ ದರ ಎಷ್ಟೆಂದು ತಂದೆಗೆ ಗೊತ್ತಿಲ್ಲ, ತಿಳಿದುಕೊಳ್ಳಬೇಕೆಂಬ ಹಟವೂ ಇಲ್ಲ. ಏಜೆಂಟ ಬಹಳ ಸಲ ಓಣಿಯವನೇ, ಬೀಗರ ಪೈಕಿ. ‘ನಮ್ಮಾಂವ ಅದಾನ, ಮೋಸ ಮಾಡಂಗಿಲ್ಲ’ ಎಂದು ಜಾಮೀನು ನಿಲ್ಲುವ ಹಿರಿಯರು ಪಗಾರದ ಕಾಗದ ತೋರಿಸು ಎನ್ನಲು ಸಂಕೋಚಪಡುತ್ತಾರೆ. ಈ ಸಂಕೋಚದ ಬೆಲೆ ತೆರುವವನು ಹುಡುಗ.

ಮಾಡಬೇಕಾದ್ದು ಹೆಚ್ಚಿಲ್ಲ. ಪಾಸ್‌ಪೋರ್ಟ್ ಕೈಬಿಡುವ ಮೊದಲು ಏಜೆಂಟನ ಪರವಾನಗಿ ನಂಬರನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಬೇಕು. ಒಪ್ಪಂದ ಪತ್ರದಲ್ಲಿ ಪಗಾರ, ಓವರ್‌ಟೈಮ್, ಊಟ, ವಸತಿ ಬೇರೆ ಬೇರೆಯಾಗಿ ಬರೆದಿರಬೇಕು, ಅದನ್ನು ಕನ್ನಡದಲ್ಲಿ ಓದಿಸಿ ಕೇಳಬೇಕು. ಎಪಿಎಂಸಿಯ ದರದ ಹಲಗೆಯಂತೆ ಆಯಾ ದೇಶದ ಕನಿಷ್ಠ ವೇತನವನ್ನು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಬಾಗಿಲಲ್ಲಿ ಬರೆಸಬೇಕು. ಒಂದು ಹಲಗೆ, ಒಂದು ಸುಣ್ಣದ ಕಡ್ಡಿ ಸಾಕು.